ಇನ್ನು ಮುಕ್ಕಾಲು ಗಂಟೆ ನಿಲ್ಲಿ, ಟೀಚರ್

"ಸ್ವಲ್ಪ ಕೆಳಗೆ ಇಳೀತೀರಾ?"

ಆವೇಶದಲ್ಲಿ ಮೇಲೆತ್ತಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತು.

ಮೂರನೇ ಬೀದಿಯ ಮೂಲೆ. ಬೆಳಿಗ್ಗೆ ಆರೂವರೆ. ಎದುರಿಗೆ ಹನ್ನೊಂದು ಜನ. ಅದರಲ್ಲಿ ಇಬ್ಬರು ಸ್ವಂತ ಅಕ್ಕ ಮತ್ತು ಭಾವ. ಉಳಿದ ಒಂಬತ್ತು ಜನಕ್ಕಾದರೂ ತಾನು ಕಾಣಿಸಲಿ ಎಂದು ಅವಳು ರಸ್ತೆಯಂಚಿನ ಸಿಮೆಂಟು ಕಟ್ಟೆಯ ಮೇಲೆ, ಅದರ ಕಬ್ಬಿಣದ ಮುಚ್ಚಳದ ಮೇಲೆ ಹತ್ತಿ ನಿಂತು ಭಾಷಣ ಮಾಡುತ್ತಿದ್ದಳು.

ತಿರುಗಿ ನೋಡಿದಳು. ಖಾಕಿ ಅಂಗಿ. ಮೊಣಕಾಲವರೆಗೆ ಮಡಚಿದ ಪ್ಯಾಂಟು. ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ. ಬೀದಿ ಬೀದಿಗೂ ನೀರು ಬಿಡುವ ನೀರುಗಂಟಿ!

"ನಾನು ಮಾತಾಡ್ತಾ ಇದೀನಿ. ಕಾಣಿಸ್ತಾ ಇಲ್ವಾ?"

"ಕಾಣಿಸ್ತಾ ಇದೆ. ನೀವು ನನ್ನ ವಾಲ್ವ್ ಮೇಲೆ ನಿಂತಿದೀರ."

ಜನರಲ್ಲಿ ಯಾರೋ ಕಿಸಕ್ಕೆಂದರು. ಅವಳ ಮುಖ ಕೆಂಪಾಯಿತು.

"ಐದು ನಿಮಿಷ ಕಾಯೋಕೆ ಆಗಲ್ವಾ?"

"ನಾನು ಕಾಯ್ತೀನಿ ಟೀಚರ್. ನೀರು ಕಾಯಲ್ಲ."

ಇಳಿಯುವಾಗ ಸೀರೆಯ ಅಂಚು ಮುಚ್ಚಳದ ಕೊಂಡಿಗೆ ಸಿಕ್ಕಿತು. ಅವನು ಕೈ ಚಾಚಿದ. ಅವಳು ಆ ಕೈಯನ್ನು ನೋಡಿಯೂ ನೋಡದವಳಂತೆ, ಸೀರೆ ಕಿತ್ತುಕೊಂಡು ತಾನೇ ಇಳಿದಳು.

ಅವನು ಮುಚ್ಚಳ ತೆಗೆದ. ಕೀಲಿಯನ್ನು ಒಳಗಿಳಿಸಿ ಸುತ್ತಿದ... ಒಂದು, ಎರಡು, ಮೂರು... ಬೀದಿಯ ನಲ್ಲಿಗಳೆಲ್ಲ ಒಟ್ಟಿಗೆ ಗೊರಗೊರ ಎಂದವು.

"ನೀರು ಬಂತು!"

ಅಷ್ಟೇ! ಒಂಬತ್ತು ಜನರೂ ಒಂದೇ ಉಸಿರಿಗೆ ಮಾಯ. ಅಕ್ಕ ಅಪರಾಧಿಯಂತೆ ತಂಗಿಯ ಮುಖ ನೋಡಿದಳು.

"ನಾನೂ ಹೋಗ್ತೀನಿ ಕಣೇ... ಮನೇಲಿ ಒಂದು ಹನಿ ನೀರಿಲ್ಲ."

ಅವಳೂ ಓಡಿದಳು.

ಒಂದು ವಾರದಿಂದ ಹೀಗೇ. ಯಾವ ಮನೆಯ ಬಾಗಿಲು ತಟ್ಟಿದರೂ, "ಬನ್ನಿ ಟೀಚರ್, ನಮ್ಮ ಮಗಳು ಲೆಕ್ಕದಲ್ಲಿ ಯಾಕೆ ಹಿಂದೆ?" ಎಂದು ಕೇಳುತ್ತಿದ್ದರೇ ಹೊರತು, ವೋಟು ಹಾಕುತ್ತೇವೆ ಎಂದವರು ಒಬ್ಬರೂ ಇಲ್ಲ. ಒಂಬತ್ತು ವರ್ಷ ಗಣಿತ ಹೇಳಿಕೊಟ್ಟ ಖಾಸಗಿ ಶಾಲೆಗೆ ರಜೆ ಹಾಕಿ ಪುರಸಭೆ ಚುನಾವಣೆಗೆ ನಿಂತಿದ್ದಾಳೆ. ಊರು ಬೆಳೆಯುತ್ತಲೇ ಇದೆ. ನೆಟ್ಟ ಗಿಡ ಬೆಳೆಯುವ ಮೊದಲೇ ಪಕ್ಕದಲ್ಲಿ ನಾಲ್ಕು ಮಹಡಿ ಏಳುತ್ತದೆ. ನೀರು ಮಾತ್ರ ಬೆಳೆಯಲಿಲ್ಲ. ನಸುಕಿಗೇ ಎದ್ದು ಬಿಂದಿಗೆ ಹೊತ್ತ ಮಕ್ಕಳು ಅವಳ ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತವೆ. ಈಗಿನ ವಾರ್ಡ್ ಸದಸ್ಯ ಒಬ್ಬ ಕಂಟ್ರಾಕ್ಟರ್. ಅವನ ನೀರಿನ ಟ್ಯಾಂಕರುಗಳು ದಿನವಿಡೀ ಓಡುತ್ತವೆ. ನಲ್ಲಿಯಲ್ಲಿ ನೀರು ಬಂದರೆ ಅವನಿಗೇ ನಷ್ಟ!

ಆ ಕೋಪವೆಲ್ಲ ಈಗ ಖಾಕಿ ಅಂಗಿಯ ಮೇಲೆ ತಿರುಗಿತು.

"ಏನ್ರೀ, ನಮ್ಮ ಬೀದಿಗೆ ಎಷ್ಟು ಹೊತ್ತು ಬಿಡ್ತೀರಿ?"

"ಅರ್ಧ ಗಂಟೆ."

"ಮೇಲಿನ ಬೀದಿಗೆ?"

"ಎರಡೂವರೆ ಗಂಟೆ."

"ಎರಡೂವರೆ! ಅದ್ಯಾಕೆ?"

"ಏರು ಇದೆ."

"ನಿಮ್ಮ ಮನೆ ಯಾವ ಬೀದೀಲಿ?"

ಅವನು ಕೀಲಿಯ ಹಿಡಿ ಒರೆಸಿದ. ಆಮೇಲೆ ಮೆಲ್ಲಗೆ ಹೇಳಿದ.

"ಮೇಲಿನ ಬೀದೀಲೇ."

*ಸಿಕ್ಕಿಬಿದ್ದ!* ಎಂದುಕೊಂಡಳು ಅವಳು.

ಅಂದೇ ಮಧ್ಯಾಹ್ನ ಊಟದ ಮೇಜಿನ ಮೇಲೆ ಸ್ಕೇಲು, ಪೆನ್ಸಿಲ್ಲು ಹಿಡಿದು ಕೂತಳು. ಬೀದಿಗಳು ಎಂಟು. ನೀರು ಬರುವುದು ಬೆಳಿಗ್ಗೆ ಐದರಿಂದ ಹನ್ನೊಂದು. ಆರು ಗಂಟೆಯನ್ನು ಎಂಟು ಭಾಗ ಮಾಡಿದರೆ... ಮುಕ್ಕಾಲು ಗಂಟೆ! ಎಷ್ಟು ಚೆಂದದ ಲೆಕ್ಕ! ಶಾಲೆಯ ಪೀರಿಯಡ್ ಕೂಡ ಅಷ್ಟೇ ತಾನೆ?

"ಒಂದು ಬೀದಿಗೆ ಒಂದು ಪೀರಿಯಡ್," ಎಂದಳು. "ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ."

ಭಾವ ಇನ್ಶೂರೆನ್ಸ್ ಏಜೆಂಟು. ಮಾತಿನಲ್ಲಿ ಮನೆ ಕಟ್ಟುವ ಮನುಷ್ಯ. ಕುರ್ಚಿಯಿಂದ ಎದ್ದೇಬಿಟ್ಟರು.

"ಇದು ನೋಡು ಮಾತು! 'ಎಲ್ಲರಿಗೂ ಮುಕ್ಕಾಲು ಗಂಟೆ!' ನಿನ್ನ ಫೋಟೋ ಹಾಕಿಸಿ ಮೂರು ಸಾವಿರ ಪಾಂಪ್ಲೆಟ್ ಹೊಡೆಸ್ತೀನಿ!"

"ಮೊದಲು ಆ ನೀರು ಬಿಡೋನನ್ನ ಒಂದು ಮಾತು ಕೇಳಬಾರದಾ?" ಅಕ್ಕ ತಟ್ಟೆ ಎತ್ತುತ್ತ ಅಂದಳು.

"ಕಳ್ಳನ್ನ ಕೇಳಿ ಬೀಗ ಹಾಕ್ತಾರಾ ಅಕ್ಕ?"

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ಅಕ್ಕ ಒಳಗೆ ಹೋದಳು.

ಎರಡು ದಿನದ ಮೇಲೆ ಅವಳು ಮೇಲಿನ ಬೀದಿಗೆ ಪ್ರಚಾರಕ್ಕೆ ಹೋದಳು. ದಿಬ್ಬ ಹತ್ತಿ ಏದುಸಿರು ಬಿಡುತ್ತ ನಿಂತಾಗ, ಅವನು ಅಲ್ಲಿಯ ವಾಲ್ವ್ ಗುಂಡಿಯ ಪಕ್ಕ ಮಂಡಿಯೂರಿ ಕೂತಿದ್ದ. ಕೀಲಿಯ ಹಿಡಿಗೆ ಕಿವಿ ಹಚ್ಚಿದ್ದ. ಕಣ್ಣು ಮುಚ್ಚಿದ್ದ.

ಅವಳು ಕೋಪ ಮರೆತು ಕೇಳಿಬಿಟ್ಟಳು.

"ಏನು ಮಾಡ್ತಾ ಇದೀರ?"

ಅವನು ಬೆಚ್ಚಿದ. ಕಿವಿಯ ತುದಿ ಕೆಂಪಾಯಿತು.

"ನೀರು ಎಲ್ಲಿವರೆಗೆ ಬಂತು ಅಂತ ಕೇಳ್ತಿದೀನಿ. ನೀವೂ... ಕೇಳ್ತೀರಾ?"

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಬಗ್ಗಿ ತಣ್ಣನೆಯ ಕಬ್ಬಿಣಕ್ಕೆ ಕಿವಿ ಇಟ್ಟಳು. ಅವನು ಕೀಲಿ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಎಷ್ಟು ಹತ್ತಿರ! ಅವನ ಅಂಗಿಯಿಂದ ಒದ್ದೆ ಮಣ್ಣಿನ ವಾಸನೆ. ಕೀಲಿಯೊಳಗಿಂದ ಯಾರೋ ದೂರದಲ್ಲಿ ನಿಟ್ಟುಸಿರು ಬಿಟ್ಟಂತೆ... ಸ್ಸ್ಸ್...

*ಇದು ನೀರಿನ ಸದ್ದೋ, ನನ್ನ ಎದೆಯದೋ?*

"ಅದು ಗಾಳಿ," ಅವನೆಂದ. "ಪೈಪಿನ ಗಾಳಿಯೆಲ್ಲ ಹೊರಗೆ ಹೋಗಬೇಕು. ನೀರು ಆಮೇಲೆ. ಇನ್ನು ಮುಕ್ಕಾಲು ಗಂಟೆ ನಿಲ್ಲಿ ಟೀಚರ್, ನಿಮಗೇ ಗೊತ್ತಾಗುತ್ತೆ."

ಆಗಲೇ ಅವಳ ಫೋನು ಹೊಡೆದುಕೊಂಡಿತು. "ಪಾಂಪ್ಲೆಟ್ ಬಂತು! ಬೇಗ ಬಾ!" ಭಾವನ ಕೂಗು ಬೀದಿಗೆಲ್ಲ ಕೇಳಿಸಿತು.

ಅವಳು ದಡಬಡಿಸಿ ಎದ್ದಳು. ಕೆನ್ನೆ ಯಾಕೋ ಬಿಸಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

"ನಿಲ್ಲೋಕೆ ನನಗೆ ಪುರುಸೊತ್ತಿಲ್ಲ. ನಿಮ್ಮ ಹಾಗೆ ಗಾಳಿ ಕೇಳ್ತಾ ಕೂತರೆ ಆಯ್ತು!"

ದಿಬ್ಬ ಇಳಿದಳು. ಒಂದು ಸಲ ಮಾತ್ರ ತಿರುಗಿ ನೋಡಿದಳು. ಅವನು ಅವಳ ಕಡೆಯೇ ನೋಡುತ್ತಿದ್ದ.

ಆ ವಾರದ ಸಭೆಗೆ ಸಮುದಾಯ ಭವನ ತುಂಬಿತ್ತು! 'ಎಲ್ಲರಿಗೂ ಮುಕ್ಕಾಲು ಗಂಟೆ' ಎಂಬ ಮಾತು ಕೆಳಗಿನ ಏಳು ಬೀದಿಗಳಿಗೂ ಹಿಡಿಸಿಬಿಟ್ಟಿತ್ತು. ಅವಳು ಕರಿಹಲಗೆ ತರಿಸಿ, ವೇಳಾಪಟ್ಟಿ ಬರೆದು ವಿವರಿಸಿದಳು. ಚಪ್ಪಾಳೆಯೋ ಚಪ್ಪಾಳೆ!

ಕೊನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಖಾಕಿ ತೋಳು.

"ಪ್ರಶ್ನೆ ಎಲ್ಲ ಕೊನೆಗೆ," ಎಂದಳು. ಒಂಬತ್ತು ವರ್ಷದ ಅಭ್ಯಾಸ. ಪಾಠದ ಮಧ್ಯೆ ಕೈ ಎತ್ತಿದವರಿಗೆಲ್ಲ ಅವಳು ಹೇಳುವ ಮಾತು ಅದೇ.

ಕೈ ಇಳಿಯಲಿಲ್ಲ.

ಚಪ್ಪಾಳೆಯ ಅಮಲಿನಲ್ಲಿ ಅವಳು ಇನ್ನೊಂದು ಹೆಜ್ಜೆ ಮುಂದೆ ಹೋದಳು. "ಬರೀ ಮಾತಲ್ಲ! ಬರೋ ಭಾನುವಾರ ಒಂದೇ ಒಂದು ದಿನ ನನ್ನ ಪಟ್ಟಿಯಂತೆ ನೀರು ಬಿಡಲಿ. ನೀವೇ ನೋಡಿ!"

ಜನ ಎದ್ದು ನಿಂತರು. ಭಾವ ಹಾರ ಹಾಕಿದರು. ಗದ್ದಲದಲ್ಲಿ ಸಭೆ ಮುಗಿದೇಹೋಯಿತು. ಪ್ರಶ್ನೆಗಳ ಹೊತ್ತು ಬರಲೇ ಇಲ್ಲ.

ನೀರಿನ ಕಚೇರಿಯ ಇಂಜಿನಿಯರ್ ಒಂದೇ ದಿನದಲ್ಲಿ ಆದೇಶ ಕೊಟ್ಟುಬಿಟ್ಟ. ಆದೇಶ ಕೊಡಿಸಿದವನು ಕಂಟ್ರಾಕ್ಟರ್! ಅವನು ಯಾಕೆ ಅಷ್ಟು ಖುಷಿಯಿಂದ ಒಪ್ಪಿದ ಎಂದು ಅವಳು ಯೋಚಿಸಲೇ ಇಲ್ಲ.

ಭಾನುವಾರ. ಒಂದನೇ ಬೀದಿ, ಮುಕ್ಕಾಲು ಗಂಟೆ. ಎರಡನೇ ಬೀದಿ, ಮುಕ್ಕಾಲು ಗಂಟೆ. ಗಡಿಯಾರ ಹಿಡಿದು ಅವಳು ಅವನ ಹಿಂದೆಯೇ ನಡೆದಳು. ಅವನು ತುಟಿ ಬಿಚ್ಚಲಿಲ್ಲ. ಒಂದು ನಿಮಿಷ ಆಚೆಈಚೆ ಮಾಡಲಿಲ್ಲ. ಕೆಳಗಿನ ಬೀದಿಗಳಲ್ಲಿ ತೊಟ್ಟಿ ತುಂಬಿ, ಬಕೆಟ್ಟು ತುಂಬಿ, ನೀರು ಚರಂಡಿಗೆ ಹರಿಯಿತು.

ಹತ್ತೂಕಾಲಿಗೆ ಮೇಲಿನ ಬೀದಿಯ ಸರದಿ. ಬಿಂದಿಗೆಗಳ ಸಾಲು. ನಲ್ಲಿಗಳು ಸ್ಸ್ ಎಂದವು.

ಹತ್ತೂವರೆ... ಸ್ಸ್ಸ್. ಹತ್ತೂ ಮುಕ್ಕಾಲು... ಸ್ಸ್ಸ್. ಹನ್ನೊಂದಕ್ಕೆ ಮೊದಲ ನಲ್ಲಿಯಿಂದ ಕೆಸರುಬಣ್ಣದ ನಾಲ್ಕು ಹನಿ ಉದುರಿತು.

ಅಷ್ಟರಲ್ಲಿ ಅವನು ಕೀಲಿ ತಿರುಗಿಸಿ ಮುಚ್ಚಿದ. ಪೀರಿಯಡ್ ಮುಗಿದಿತ್ತು.

"ಇದೇನಾ ನಿಮ್ಮ ನ್ಯಾಯ?" ಒಬ್ಬಳು ಖಾಲಿ ಬಿಂದಿಗೆ ಎತ್ತಿ ತೋರಿಸಿದಳು. "ಪಾಠ ಹೇಳ್ಕೊಂಡಿರಬೇಕಿತ್ತು ಕಣ್ರೀ!"

ಅವಳಿಗೆ ಅವಮಾನ, ಅಳು, ಸಿಟ್ಟು... ಎಲ್ಲ ಒಟ್ಟಿಗೆ ನುಗ್ಗಿಬಂತು. ಅವನ ಕಡೆ ತಿರುಗಿದಳು.

"ಗೊತ್ತಿತ್ತು ಅಲ್ವಾ ನಿಮಗೆ? ಗೊತ್ತಿದ್ದೂ ಸುಮ್ಮನಿದ್ರಿ! ಕಂಟ್ರಾಕ್ಟರ್ ಎಷ್ಟು ದಿನದಿಂದ ನಿಮಗೆ ದುಡ್ಡು ಕೊಡ್ತಿದ್ದಾನೆ?"

ಅವನ ಮುಖ ಬಿಳಿಚಿಕೊಂಡಿತು. ಕೀಲಿಯನ್ನು ಹೆಗಲಿಗೇರಿಸಿದ.

"ನಾನು ಕೈ ಎತ್ತಿದ್ದೆ ಟೀಚರ್," ಎಂದಷ್ಟೇ ಹೇಳಿ ಹೊರಟುಹೋದ.

ಅಂದು ಸಂಜೆ ಮಾರುಕಟ್ಟೆಯ ತಿರುವಿನಲ್ಲಿ ಅವಳ ಕಣ್ಣೆದುರಿಗೇ ಕಂಟ್ರಾಕ್ಟರನ ಟ್ಯಾಂಕರ್ ಹಾದುಹೋಯಿತು. ಡ್ರೈವರ್ ಪಕ್ಕದಲ್ಲಿ ಕೂತವನು... ಅವನೇ, ಆ ನೀರುಗಂಟಿ! ಡ್ರೈವರ್ ಅವನ ಹೆಗಲ ಮೇಲೆ ಕೈ ಹಾಕಿದ್ದ.

*ನಾನೆಂಥ ಪೆದ್ದಿ! ಆ ಕೀಲಿಗೆ ಕಿವಿ ಕೊಟ್ಟೆನಲ್ಲ... ಆ ಮುಖಕ್ಕೆ ಮರುಳಾದೆನಲ್ಲ!*

ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಕಂಟ್ರಾಕ್ಟರನ ಕಡೆಯವರು ಬೀದಿ ಬೀದಿಯಲ್ಲಿ ಮೈಕು ಹಾಕಿ ನಗುತ್ತಿದ್ದರು: "ನೀರಿಗೆ ಬೆಲ್ ಹೊಡೆಯೋ ಟೀಚರ್!"

ಭಾವ ಮಾತ್ರ ಜಗ್ಗಲಿಲ್ಲ. "ಮೇಲಿನ ಬೀದೀಲಿ ಇರೋದು ಎಂಬತ್ತು ವೋಟು. ಕೆಳಗಿನ ಏಳು ಬೀದಿ ಖುಷಿಯಾಗಿದೆ. ಪಟ್ಟಿ ಹಾಗೇ ಇರಲಿ. ಗೆಲ್ತೀಯ!"

ಅದೇ ಅವಳನ್ನು ಚುಚ್ಚಿತು. ಲೆಕ್ಕ ಸರಿ ಇತ್ತು. ಉತ್ತರ ತಪ್ಪಾಗಿತ್ತು. ಗೆದ್ದರೂ ಆ ಖಾಲಿ ಬಿಂದಿಗೆ ಕಣ್ಣ ಮುಂದಿಂದ ಹೋಗುತ್ತದಾ?

ಮೂರನೆಯ ದಿನ ಬಾಗಿಲು ಬಡಿಯಿತು. ಕೋಲೂರಿಕೊಂಡು ಬಂದ ಒಬ್ಬ ಅಜ್ಜಿ. ಮೇಲಿನ ಬೀದಿಯವಳು.

"ಬೈಯೋಕೆ ಬಂದ್ರಾ ಅಜ್ಜಿ? ಬೈಯಿರಿ."

"ಬೈಯೋಕೇ ಬಂದಿದ್ದು. ಮೊದಲು ಕೂರೋಕೆ ಜಾಗ ಕೊಡು." ಅಜ್ಜಿ ಕೂತು ಉಸಿರು ತೆಗೆದುಕೊಂಡಳು. "ನಾನು ಆ ನೀರುಗಂಟಿಯ ಅಜ್ಜಿ. ಮೊಮ್ಮಗ ಅಂತ ಅವನ ಪರ ವಕಾಲತ್ತು ಮಾಡ್ತಿಲ್ಲ. ಅವನೊಬ್ಬ ಮೂಗ. ನಾಲ್ಕು ಮಾತಾಡಬೇಕಾದ ಕಡೆ ಒಂದು ಆಡ್ತಾನೆ. ಆದರೆ ಆವತ್ತು ನಿನ್ನ ಸಭೆಯಲ್ಲಿ ಕೈ ಎತ್ತಿದ್ದನಲ್ಲ?"

"ಹೂಂ..."

"ದೀಪ ಆರಿಸೋವರೆಗೂ ಇಳಿಸಲಿಲ್ಲವಂತೆ ಆ ಪೆದ್ದ! ಪ್ರಶ್ನೆ ಕೊನೆಗೆ ಅಂದೆಯಲ್ಲ, ಕೊನೆಗೆ ಕರೀತಾಳೆ ಅಂತ ಕಾದನಂತೆ. ಎದ್ದು ಕಿರುಚೋ ಹಾಗಿಲ್ಲ, ಸರ್ಕಾರಿ ಕೆಲಸ. ಯಾವ ಅಭ್ಯರ್ಥಿಯ ಪರವೂ, ವಿರುದ್ಧವೂ ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ. ಕರೆದು ಕೇಳಿದ್ದರೆ ಹೇಳ್ತಿದ್ದ."

ಅವಳು ಅಜ್ಜಿಯ ಎದುರಿಗೇ ನೆಲದ ಮೇಲೆ ಕೂತಳು.

"ಹಾಗಾದರೆ... ಆ ಟ್ಯಾಂಕರ್?"

"ಆ ಡ್ರೈವರ್ ಅವನ ಜೊತೆ ಓದಿದವನು. ನನ್ನ ಮೊಮ್ಮಗ ಅವನ ಕಾಲು ಹಿಡಿದು ಟ್ಯಾಂಕರ್ ಸಮೇತ ಕರ್ಕೊಂಡು ಬಂದ. ನಿನ್ನ ಪಟ್ಟಿಯಿಂದ ಒಣಗಿದ ಬೀದಿಗೆ ಆ ಸಂಜೆ ಮನೆ ಮನೆಗೂ ಎರಡು ಬಿಂದಿಗೆ ನೀರು ಹಾಕಿಸಿದ." ಅಜ್ಜಿ ಕೋಲೂರಿ ಎದ್ದಳು. ಬಾಗಿಲಲ್ಲಿ ತಿರುಗಿ ನಕ್ಕಳು. "ಇನ್ನೊಂದು ಮಾತು. ನಿನ್ನ ಆ ಕೆಲಸಕ್ಕೆ ಬಾರದ ಪಾಂಪ್ಲೆಟ್ಟು ಅವನ ಗೋಡೆ ಮೇಲಿದೆ. ವೇಳಾಪಟ್ಟಿ ಇರೋ ಅರ್ಧ ಹರಿದು ಬಿಸಾಕಿದ್ದಾನೆ. ಫೋಟೋ ಇರೋ ಅರ್ಧ ಇಟ್ಕೊಂಡಿದ್ದಾನೆ."

ಅಜ್ಜಿ ಹೋದಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು. *ನಾನು ಕೈ ಎತ್ತಿದ್ದೆ ಟೀಚರ್...* ಒಂಬತ್ತು ವರ್ಷದಲ್ಲಿ ಎಷ್ಟು ಕೈಗಳನ್ನು ಹೀಗೆ ಕೊನೆಗೆ ತಳ್ಳಿದ್ದೇನೋ! ಕಣ್ಣೀರು ತಾನಾಗಿ ಇಳಿಯಿತು.

ಪ್ರಚಾರದ ಕೊನೆಯ ಬೆಳಿಗ್ಗೆ. ಮೂರನೇ ಬೀದಿಯ ಅದೇ ಮೂಲೆ. ಈ ಸಲ ಇನ್ನೂರು ಜನ. ಅವಳು ಮುಚ್ಚಳದ ಮೇಲೆ ಹತ್ತಲಿಲ್ಲ, ಪಕ್ಕದಲ್ಲಿ ನಿಂತಳು.

ಆರೂವರೆಗೆ ಅವನು ಬಂದ. ತಲೆ ಎತ್ತಲಿಲ್ಲ. ಬಗ್ಗಿ ಮುಚ್ಚಳಕ್ಕೆ ಕೈ ಹಾಕಿದ.

"ಎಲ್ಲರೂ ಕೇಳಿ," ಎಂದಳು. "ನನ್ನ ವೇಳಾಪಟ್ಟಿ ತಪ್ಪು."

"ಏನು ಮಾಡ್ತಿದೀಯಾ?!" ಭಾವ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ತಪ್ಪು ತಿದ್ತಾ ಇದೀನಿ ಭಾವ." ಅವಳು ಜನರ ಕಡೆ ತಿರುಗಿದಳು. "ಆ ದಿನ ಸಭೆಯಲ್ಲಿ ಒಬ್ಬರು ಕೈ ಎತ್ತಿದ್ದರು. ನಾನು ಕರೀಲಿಲ್ಲ. ಇವತ್ತು ಕರೀತಿದೀನಿ. ನೀರು ಬಿಡೋ ಕೆಲಸದವರಾಗಿ ಹೇಳಿ... ಮೇಲಿನ ಬೀದಿಗೆ ನೀರು ಹತ್ತೋಕೆ ಎಷ್ಟು ಹೊತ್ತು ಬೇಕು?"

ಅವನು ನಿಧಾನವಾಗಿ ನೆಟ್ಟಗಾದ. ಮೊದಲ ಸಲ ನೇರವಾಗಿ ಅವಳ ಕಣ್ಣು ನೋಡಿದ.

"ಪೈಪು ತುಂಬೋಕೇ ಮುಕ್ಕಾಲು ಗಂಟೆ. ಬಿಂದಿಗೆ ತುಂಬೋದು ಆಮೇಲೆ. ತಗ್ಗಿನ ಬೀದಿಗೆ ಅರ್ಧ ಗಂಟೆ ಸಾಕು, ಮಿಕ್ಕಿದ್ದು ಚರಂಡಿಗೆ ಹೋಗುತ್ತೆ. ಎಲ್ಲರಿಗೂ ಒಂದೇ ಹೊತ್ತು ಕೊಟ್ಟರೆ ಎಲ್ಲರಿಗೂ ಒಂದೇ ನೀರು ಸಿಗಲ್ಲ."

ಅವನ ಬಾಯಲ್ಲಿ ಅಷ್ಟು ಮಾತು ಯಾರೂ ಕೇಳಿರಲಿಲ್ಲ!

"ಕೇಳಿದ್ರಲ್ಲ," ಎಂದಳು ಅವಳು. "ನಮಗೆ ಅರ್ಧ ಗಂಟೆ ಸಾಕು. ಇದು ಇಷ್ಟ ಇಲ್ಲದವರು ನನಗೆ ವೋಟು ಹಾಕಬೇಡಿ."

ಕೆಲವರು ಗೊಣಗಿದರು. ಕೆಲವರು ಅಲ್ಲಿಂದಲೇ ಹೊರಟುಹೋದರು. ಭಾವ ತಲೆ ಮೇಲೆ ಕೈ ಹೊತ್ತು ಕೂತರು. ಅಕ್ಕ ಮಾತ್ರ ಬಂದು ತಂಗಿಯ ಬೆನ್ನು ಸವರಿದಳು. "ಮೊಲಕ್ಕೆ ನಾಲ್ಕನೇ ಕಾಲು ಬಂತಲ್ಲೇ!"

ಎಣಿಕೆಯ ದಿನ... ಅವಳು ಸೋತಳು.

ಬರೀ ಹದಿನೇಳು ವೋಟಿನಿಂದ! ಮೇಲಿನ ಬೀದಿಯಲ್ಲಿ ಒಂದು ವೋಟೂ ತಪ್ಪದೆ ಅವಳಿಗೇ ಬಿದ್ದಿತ್ತು. ಕೈಕೊಟ್ಟಿದ್ದು ಅವಳದೇ ಮೂರನೇ ಬೀದಿ. ಕಂಟ್ರಾಕ್ಟರನ ಪಟಾಕಿಯ ಹೊಗೆ ಅವಳ ಮನೆಯ ಕಿಟಕಿಯೊಳಗೇ ಬಂತು.

ಮರುದಿನ ಬೆಳಿಗ್ಗೆ ನಿದ್ದೆ ಬಾರದೆ ಆ ಮೂಲೆಗೆ ಹೋದಳು. ಮುಚ್ಚಳದ ಮೇಲೆ ಸುಮ್ಮನೆ ಕೂತಳು. ಜನ ಇಲ್ಲ, ಮೈಕು ಇಲ್ಲ.

"ಸ್ವಲ್ಪ ಕೆಳಗೆ ಇಳೀತೀರಾ?"

ಅವಳು ನಗಲು ಹೋಗಿ ಅತ್ತುಬಿಟ್ಟಳು.

"ಹದಿನೇಳು ರೀ... ಬರೀ ಹದಿನೇಳು! ಸುಮ್ಮನಿದ್ದಿದ್ದರೆ ಗೆಲ್ತಿದ್ದೆ."

"ಗೆಲ್ತಿದ್ರಿ."

"ಸಮಾಧಾನ ಹೇಳೋಕೂ ಬರಲ್ವಾ ನಿಮಗೆ?"

"ಬರಲ್ಲ." ಅವನು ಕೀಲಿಯನ್ನು ಗೋಡೆಗೆ ಒರಗಿಸಿ ಅವಳ ಪಕ್ಕಕ್ಕೆ ಬಂದು ನಿಂತ. "ಆದರೆ ನಿನ್ನೆವರೆಗೂ ನಿಮ್ಮ ಪಕ್ಕ ಹೀಗೆ ನಿಲ್ಲೋ ಹಾಗಿರಲಿಲ್ಲ. ನೀವು ಅಭ್ಯರ್ಥಿ. ಇವತ್ತು ನಿಲ್ಲಬಹುದು."

ಅವಳ ಅಳು ಹಾಗೇ ನಿಂತಿತು.

"ನಾನು ನಿಮಗೆ ಅಂದದ್ದು... ಕಂಟ್ರಾಕ್ಟರ್ ದುಡ್ಡು ಕೊಡ್ತಿದ್ದಾನೆ ಅಂತ..."

"ಅದರಿಂದ ನೋವಾಯ್ತು."

"ಗೊತ್ತು. ತಪ್ಪಾಯ್ತು. ಐದು ವರ್ಷ ಬಿಟ್ಟು ಮತ್ತೆ ನಿಲ್ತೀನಿ ನಾನು. ಅಷ್ಟರಲ್ಲಿ ಎಂಟೂ ಬೀದಿಯ ವಾಲ್ವು ನನಗೆ ಕಲಿಸಿಕೊಡ್ತೀರಾ?"

ಅವನು ಮೆಲ್ಲಗೆ ಬಲಗೈ ಮೇಲೆತ್ತಿದ. ಖಾಲಿ ಬೀದಿಯ ಮಧ್ಯೆ, ಕೊನೆಯ ಬೆಂಚಿನ ಹುಡುಗನಂತೆ.

"ಒಂದು ಪ್ರಶ್ನೆ ಇದೆ ಟೀಚರ್."

ಅವಳು ಎದ್ದು ನಿಂತಳು. ಎತ್ತಿದ ಆ ಕೈಯನ್ನು ಈ ಸಲ ತಾನೇ ಹಿಡಿದು ಕೆಳಗಿಳಿಸಿದಳು. ಬಿಡಲಿಲ್ಲ.

"ಕೊನೆಗೆ ಬೇಡ. ಈಗಲೇ ಕೇಳಿ."

"ಮೇಲಿನ ಬೀದೀಲಿ ಒಂದು ಮನೆ ಇದೆ. ಏರು ಜಾಸ್ತಿ. ಅಜ್ಜಿಯ ಬಾಯಿ ಅದಕ್ಕಿಂತ ಜಾಸ್ತಿ. ಅಲ್ಲಿಗೆ ನೀರು ಬರೋದೂ ತಡ, ನನ್ನ ಬಾಯಿಗೆ ಮಾತು ಬರೋದೂ ತಡ... ಕಾಯೋಕೆ ಆಗುತ್ತಾ?"

"ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ."

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಮನಸಾರೆ ನಕ್ಕಳು.

ಅಂದು ಮೇಲಿನ ಬೀದಿಯ ವಾಲ್ವ್ ಸುತ್ತಿದ್ದು ಇಬ್ಬರ ನಾಲ್ಕು ಕೈ. ಸುತ್ತಿ ಮುಗಿಸಿ, ಕೀಲಿಯ ಹಿಡಿಯ ಈ ಕಡೆ ಅವಳು, ಆ ಕಡೆ ಅವನು ಬಗ್ಗಿ ಕಿವಿ ಹಚ್ಚಿ ನಿಂತರು.

"ಬರೀ ಗಾಳಿ ಕಣ್ರೀ..."

"ಇನ್ನೂ ಸ್ವಲ್ಪ ನಿಲ್ಲಿ, ಟೀಚರ್."

"ನಿಂತಿದೀನಿ."